ಬಾಣಂತನಕ್ಕೆ ತೊಂಬತ್ತೇ ದಿನ

ನಮ್ಮ ಮಲೆನಾಡಿನ ಕಡೆ ಬಾಣಂತನಕ್ಕೆ ಒಂದು ಲೆಕ್ಕವಿದೆ. ಹೆರಿಗೆಗೆ ತಿಂಗಳು, ಎರಡು ತಿಂಗಳು ಮೊದಲೇ ಮಗಳು ತವರಿಗೆ ಬಂದುಬಿಡಬೇಕು. ಹೆರಿಗೆಯಾದ ಮೇಲೆ ಕಡಿಮೆಯೆಂದರೂ ಮೂರು ತಿಂಗಳು ಇರಬೇಕು. ಐದು ತಿಂಗಳಾದರೆ ಇನ್ನೂ ಒಳ್ಳೆಯದು. ಮಗಳು ಬರಲಾಗದಷ್ಟು ದೂರದಲ್ಲಿದ್ದರೆ ತವರೇ ಗಂಟು ಕಟ್ಟಿಕೊಂಡು ಅವಳಿದ್ದಲ್ಲಿಗೆ ಹೋಗುತ್ತದೆ. ಈಗ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಆಗುತ್ತಿರುವುದು ಇದೇ. ಆದರೆ ತವರು ಯುರೋಪಿನ ವಿಮಾನ ಹತ್ತಬೇಕೆಂದರೆ ಇನ್ನೊಂದು ಲೆಕ್ಕಕ್ಕೆ ಒಪ್ಪಬೇಕು. ಯಾವುದೇ 180 ದಿನಗಳ ಅವಧಿ ತೆಗೆದುಕೊಂಡರೂ ಅದರೊಳಗೆ 90 ದಿನ ಮಾತ್ರ. ಎರಡು ಲೆಕ್ಕಗಳೂ ಮೂರು ತಿಂಗಳು ಅನ್ನುವಂತೆ ಕೇಳಿಸುತ್ತವೆ. ಎರಡೂ ಒಂದೇ ಅಲ್ಲ ಅನ್ನುವುದು 2025ರ ಬೇಸಿಗೆಯಲ್ಲಿ ನಮ್ಮ ಮನೆಗೆ ಗೊತ್ತಾಯಿತು.

ಅಕ್ಕ, ಭಾವ ಇರುವುದು ಜರ್ಮನಿಯ ದಕ್ಷಿಣದ ಒಂದು ಸಣ್ಣ ಊರಿನಲ್ಲಿ. ಡಾಕ್ಟರು ಕೊಟ್ಟ ದಿನ ಮೇ 16. ತೀರ್ಥಹಳ್ಳಿಯಿಂದ ಒಳಗಿರುವ ನಮ್ಮ ಮನೆಯ ಜಗುಲಿಯಲ್ಲಿ ಕ್ಯಾಲೆಂಡರ್ ಇಟ್ಟುಕೊಂಡು ಅಪ್ಪ, ಅಮ್ಮ, ನಾನು ಕೂತೆವು. ಇರುವ 90 ದಿನಗಳಲ್ಲಿ ಹೆರಿಗೆಗೆ ಮೊದಲು ಎಷ್ಟು ಖರ್ಚು ಮಾಡುವುದು, ಆಮೇಲೆ ಎಷ್ಟು ಉಳಿಸುವುದು? ಬೇಗ ಹೋದರೆ ಆಮೇಲಿನ ದಿನ ಕಡಿಮೆ. ತಡವಾಗಿ ಹೋದರೆ ಮಗು ಅವಸರ ಮಾಡಿದರೆ ಏನು ಗತಿ? ಅಮ್ಮನಿಗೆ ಏಪ್ರಿಲ್‌ನಲ್ಲೇ ಹೋಗಬೇಕು. ಅಕ್ಕನಿಗೆ ಅಮ್ಮ ಜುಲೈ ಕೊನೆಯವರೆಗಾದರೂ ಇರಬೇಕು. ಚೌಕಾಸಿಯಾಗಿ ಮೇ 3ಕ್ಕೆ ತಲುಪುವುದು ಅಂತ ನಿಂತಿತು. ಮುಂಚೆ 13 ದಿನ, ಆಮೇಲೆ 77. ಜುಲೈ 31 ಕೊನೆಯ ದಿನ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಜರ್ಮನಿಯ ಕಾನೂನು ಕೆಲಸಕ್ಕೆ ಹೋಗುವ ಗರ್ಭಿಣಿಗೆ ಹೆರಿಗೆಗೆ ಮೊದಲು ಆರು ವಾರ, ನಂತರ ಎಂಟು ವಾರ ರಜೆಯ ರಕ್ಷಣೆ ಕೊಡುತ್ತದೆ. ಒಟ್ಟು 14 ವಾರ, ಅಂದರೆ 98 ದಿನ. ಮಗು ಹೇಳಿದ ದಿನ ಬರದೆ ತಡ ಮಾಡಿದರೂ ಆ ನಂತರದ ಎಂಟು ವಾರ ಕರಗುವುದಿಲ್ಲ, ಹುಟ್ಟಿದ ದಿನದಿಂದಲೇ ಎಣಿಕೆ ಶುರುವಾಗುತ್ತದೆ. ಬಾಣಂತಿಗೆ ಎಷ್ಟು ದಿನ ಬೇಕು ಅನ್ನುವುದು ಆ ದೇಶಕ್ಕೆ ಚೆನ್ನಾಗಿಯೇ ಗೊತ್ತಿದೆ. ಬಾಣಂತಿಯ ಅಮ್ಮನಿಗೆ ಮಾತ್ರ 90, ಅದೂ ಕಾಲಿಟ್ಟ ದಿನದಿಂದ.

ಅಮ್ಮ ಅದುವರೆಗೆ ವಿಮಾನ ಹತ್ತಿದವರಲ್ಲ. ಓದಿದ್ದು ಎಂಟನೇ ಕ್ಲಾಸು, ಇಂಗ್ಲಿಷ್ ಬರುವುದಿಲ್ಲ. ಆದ್ದರಿಂದ ಕರೆದುಕೊಂಡು ಹೋಗಿ ಬಿಡಲು ನಾನು ಹೊರಟೆ. ಬೆಂಗಳೂರಿನ ಕಂಪನಿಯಲ್ಲಿ ನನಗೆ ಸಿಕ್ಕ ರಜೆ 22 ದಿನ. ಮಗುವಿನ ಮುಖ ನೋಡಿ, ಎರಡು ದಿನ ಎತ್ತಿ ಆಡಿಸಿ, ಮೇ 24ಕ್ಕೆ ವಾಪಸ್ ಬರುವ ಯೋಚನೆ.

ಷೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಶುಲ್ಕ ದೊಡ್ಡವರಿಗೆ 90 ಯೂರೊ. 2024ರ ಜೂನ್‌ವರೆಗೆ 80 ಇತ್ತು. ವೀಸಾ ಕೊಡದಿದ್ದರೂ ಈ ಹಣ ವಾಪಸಿಲ್ಲ. ಕನಿಷ್ಠ 30,000 ಯೂರೊ ಖರ್ಚು ಭರಿಸುವ ಪ್ರಯಾಣ ವಿಮೆ ಬೇಕು. ಅತಿಥಿಯ ಖರ್ಚೆಲ್ಲ ನನ್ನದು ಅಂತ ಅಲ್ಲಿರುವವರು ತಮ್ಮ ಊರಿನ ವಿದೇಶಿಯರ ಕಚೇರಿಯಲ್ಲಿ ಸಂಬಳದ ಚೀಟಿ ತೋರಿಸಿ ಒಂದು ಜವಾಬ್ದಾರಿ ಪತ್ರ ಮಾಡಿಸಬಹುದು. ಅದಕ್ಕೆ 29 ಯೂರೊ. ಅದರ ಜರ್ಮನ್ ಹೆಸರು ಫೆರ್‌ಪ್ಲಿಖ್ಟುಂಗ್ಸ್‌ಎರ್‌ಕ್ಲೇರುಂಗ್. ಉಸಿರು ಬಿಗಿಹಿಡಿದು ಒಂದೇ ಸಲ ಹೇಳಬೇಕು. ಭಾವ ನಮ್ಮಿಬ್ಬರಿಗೂ ಅದನ್ನು ಮಾಡಿಸಿ ಕಳಿಸಿದರು.

ಇವೆಲ್ಲ ದುಡ್ಡು ಕೊಟ್ಟರೆ ಆಗುವ ಕೆಲಸ. ಕಷ್ಟ ಬಂದಿದ್ದು ಅಮ್ಮ ವಾಪಸ್ ಬರುತ್ತಾರೆ ಅನ್ನುವುದಕ್ಕೆ ಸಾಕ್ಷಿ ಒದಗಿಸುವಾಗ. ವೀಸಾ ನಿರಾಕರಿಸುವಾಗ ಕೊಡುವ ಹಾಳೆಯಲ್ಲಿ ಕಾರಣಗಳು ಮೊದಲೇ ಅಚ್ಚಾಗಿರುತ್ತವೆ, ಅನ್ವಯವಾಗುವುದಕ್ಕೆ ಟಿಕ್ ಹಾಕುತ್ತಾರೆ. ವೀಸಾ ಮುಗಿಯುವ ಮೊದಲು ನೀವು ಹಿಂದಿರುಗುತ್ತೀರಿ ಎಂಬ ಬಗ್ಗೆ ಅನುಮಾನವಿದೆ ಅನ್ನುವುದು ಅದರಲ್ಲೊಂದು. ನಮ್ಮ ಪರಿಚಯದ ಒಬ್ಬ ಅಮ್ಮನಿಗೆ ಆ ಟಿಕ್ ಬಿದ್ದಿತ್ತು. ಮಗಳ ಹೆರಿಗೆಯನ್ನು ಅವರು ಫೋನಿನಲ್ಲಿ ನೋಡಿದರು.

ಅನುಮಾನ ಬರದಂತೆ ಮಾಡಲು ಏನು ಕೊಡಬೇಕು? ಕೆಲಸದ ಪತ್ರ, ಸಂಬಳದ ಚೀಟಿ, ಆದಾಯ ತೆರಿಗೆಯ ಕಾಗದ, ಆಸ್ತಿಪತ್ರ. ನನ್ನದು ಒಂದು ಸಂಜೆಯಲ್ಲಿ ಸಿದ್ಧವಾಯಿತು. ಅಮ್ಮನದು? ತೋಟ ಅಪ್ಪನ ಹೆಸರಿನಲ್ಲಿ, ಮನೆ ಇನ್ನೂ ಅಜ್ಜನ ಹೆಸರಿನಲ್ಲಿ. ಅಡಿಕೆ ಆದಾಯಕ್ಕೆ ತೆರಿಗೆಯಿಲ್ಲ, ಹಾಗಾಗಿ ಅದರ ಕಾಗದವೂ ಇಲ್ಲ. ಬೆಳಗ್ಗೆ ಐದಕ್ಕೆ ಕೊಟ್ಟಿಗೆಗೆ ಇಳಿದು, ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತರವರೆಗೆ ಅಡಿಕೆ ಸುಲಿಯುವ ಹೆಂಗಸಿನ ಉದ್ಯೋಗ ಏನೆಂದು ಅರ್ಜಿ ಕೇಳುತ್ತದೆ. ಗೃಹಿಣಿ ಅಂತ ಬರೆಯಿರಿ ಅಂದರು ಎಲ್ಲರೂ. ‘ಇಷ್ಟು ವರ್ಷ ಈ ಮನೆ ಬಿಟ್ಟು ನಾಲ್ಕು ದಿನ ಎಲ್ಲಿಗೂ ಹೋದವಳಲ್ಲ ನಾನು. ವಾಪಸ್ ಬರ್ತೀನೋ ಇಲ್ವೋ ಅಂತ ಅವರಿಗೆ ಅನುಮಾನವಾ?’ ಅಂತ ಅಮ್ಮ ನಕ್ಕರು. ನನಗೆ ನಗು ಬರಲಿಲ್ಲ. ಊರಿಗೆ ಅಷ್ಟು ಗಟ್ಟಿಯಾಗಿ ಅಂಟಿಕೊಂಡ ಹೆಂಗಸಿನ ಹೆಸರಿನಲ್ಲಿ ಆ ಅಂಟನ್ನು ತೋರಿಸುವ ಒಂದು ಕಾಗದವೂ ಇಲ್ಲವಲ್ಲ ಅನ್ನಿಸಿತು.

ಒಂದಿತ್ತು. ಹಾಲಿನ ಸೊಸೈಟಿಯ ಪಾಸ್‌ಬುಕ್. ಸದಸ್ಯೆ ಅಮ್ಮ. ದಿನಕ್ಕೆ ಎರಡು ಹೊತ್ತು ಎಷ್ಟು ಲೀಟರ್ ಹಾಕಿದರು, ಎಷ್ಟು ಡಿಗ್ರಿ ಬಂತು, ಎಷ್ಟು ದುಡ್ಡು ಎಲ್ಲ ಅದರಲ್ಲಿತ್ತು. ಅಪ್ಪನ ಪಹಣಿ, ಅಡಿಕೆ ಮಂಡಿಯ ಪಟ್ಟಿ, ಸ್ತ್ರೀಶಕ್ತಿ ಗುಂಪಿನ ಪುಸ್ತಕದ ಜೊತೆಗೆ ಅದನ್ನೂ ಇಂಗ್ಲಿಷಿಗೆ ಅನುವಾದ ಮಾಡಿಸಿ ಇಟ್ಟೆ. ಕಚೇರಿಯಲ್ಲಿ ಕೂತವರು ಎಮ್ಮೆ ಹಾಲಿನ ಡಿಗ್ರಿ ಓದಿದರೋ ಇಲ್ಲವೋ, ಹದಿನೈದು ದಿನದೊಳಗೆ ಪಾಸ್‌ಪೋರ್ಟ್ ಬಂತು. ವೀಸಾ ಅಂಟಿತ್ತು.

ನಮ್ಮ ವಯಸ್ಸಿನವರು ಹೊರಗೆ ಹೋಗುವಾಗ ಆ ಸ್ಟಿಕ್ಕರನ್ನು ಓದುವುದನ್ನು ದಯವಿಟ್ಟು ಕಲಿತುಕೊಳ್ಳಿ. ಅದರಲ್ಲಿ ಎರಡು ತಾರೀಕು, ಒಂದು ಸಂಖ್ಯೆ ಇರುತ್ತದೆ. ಅಮ್ಮನದರಲ್ಲಿ ಮೇ 3ರಿಂದ ಆಗಸ್ಟ್ 15ರವರೆಗೆ ಅಂತಿತ್ತು, ಪಕ್ಕದಲ್ಲಿ 90 ದಿನ. ನನ್ನದರಲ್ಲಿ ಮೇ 3ರಿಂದ ಜೂನ್ 8, ಪಕ್ಕದಲ್ಲಿ 22 ದಿನ. ವಿಮಾನ ರದ್ದಾಗಬಹುದು, ಹೊರಡುವುದು ನಾಲ್ಕು ದಿನ ಮುಂದೆ ಹೋಗಬಹುದು ಅಂತ ತಾರೀಕುಗಳ ನಡುವೆ 15 ದಿನ ಹೆಚ್ಚಾಗಿ ಕೊಟ್ಟಿರುತ್ತಾರೆ. ಆ ಕಿಟಕಿಯೊಳಗೆ ಯಾವಾಗ ಬೇಕಾದರೂ ಹೋಗಬಹುದು, ಆದರೆ ಅಲ್ಲಿ ಇರಬಹುದಾದದ್ದು ಪಕ್ಕದ ಸಂಖ್ಯೆಯಷ್ಟೇ ದಿನ. ಇಳಿದ ದಿನವೂ ಒಂದು ದಿನ, ಹೊರಡುವ ದಿನವೂ ಒಂದು ದಿನ. ರಾತ್ರಿ ಹನ್ನೊಂದೂವರೆಗೆ ಇಳಿದರೂ ಒಂದು ದಿನ ಹೋಯಿತು ಅಂತಲೇ ಲೆಕ್ಕ. ನಡುವೆ ಪಕ್ಕದ ಫ್ರಾನ್ಸಿಗೋ ಸ್ವಿಟ್ಜರ್ಲೆಂಡಿಗೋ ಹೋಗಿ ಬಂದರೆ ಎಣಿಕೆ ನಿಲ್ಲುವುದಿಲ್ಲ. ಷೆಂಗೆನ್‌ನ 29 ದೇಶಗಳೂ ಸೇರಿ ಈ ಲೆಕ್ಕಕ್ಕೆ ಒಂದೇ ಅಂಗಳ.

ಟಿಕೆಟ್ ಬುಕ್ ಮಾಡುವ ಏಜೆಂಟ್ ಅಮ್ಮನಿಗೆ ಆಗಸ್ಟ್ 10ರ ವಾಪಸ್ ಟಿಕೆಟ್ ತೆಗೆಯಲು ಹೊರಟಿದ್ದರು. ‘ವೀಸಾ 15ರ ತನಕ ಇದೆಯಲ್ಲ ಮೇಡಂ, ಈ ದಿನ ರೇಟು ಕಡಿಮೆ’ ಅಂದರು. ನಾನು ಬೆರಳು ಮಡಿಸಿ ಎಣಿಸಿ ತೋರಿಸಿದೆ. ಮೇ ತಿಂಗಳಲ್ಲಿ 29, ಜೂನ್ 30, ಜುಲೈ 31. ಅಲ್ಲಿಗೆ ಮುಗಿಯಿತು. ಇಂಗ್ಲಿಷ್ ಬರದ ಅಮ್ಮ ಒಬ್ಬರೇ ಹತ್ತು ದಿನ ಹೆಚ್ಚಿಗೆ ಇದ್ದು ಕೌಂಟರಿನಲ್ಲಿ ಸಿಕ್ಕಿಬೀಳುವುದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ಏಜೆಂಟರಿಗೆ ಅದು ಬರೀ ನಾಲ್ಕು ಸಾವಿರ ರೂಪಾಯಿ ಉಳಿಸುವ ಮಾತು.

ಅಮ್ಮ ಕಟ್ಟಿದ ಗಂಟಿನಲ್ಲಿ ಒಂದು ವಾಗ್ವಾದವೂ ಇತ್ತು. ಬಾಣಂತಿ ಖಾರದ ಪುಡಿ, ಓಮ, ಒಣಶುಂಠಿ, ಮೆಂತ್ಯ, ಕಷಾಯದ ಪುಡಿ ಎಲ್ಲ ಸರಿ. ಆದರೆ ನಮ್ಮ ಎಮ್ಮೆಯ ತುಪ್ಪ ಎರಡು ಬಾಟಲಿ? ಯುರೋಪಿಗೆ ಹೊರಗಿನಿಂದ ಬರುವವರು ಹಾಲಿನ, ಮಾಂಸದ ಪದಾರ್ಥ ತರುವ ಹಾಗಿಲ್ಲ. ‘ತುಪ್ಪ ಇಲ್ಲದೆ ಅದೆಂಥ ಬಾಣಂತನ?’ ಅಂತ ಅಮ್ಮ ಬಾಟಲಿ ಒಳಗಿಡುವುದು, ನಾನು ಹೊರಗಿಡುವುದು. ಕೊನೆಗೆ ಅಲ್ಲಿ ಒಳ್ಳೆಯ ಬೆಣ್ಣೆ ಸಿಗುತ್ತದೆ, ನೀನೇ ಕಾಯಿಸು ಅಂದ ಮೇಲೆ ಒಪ್ಪಿದರು.

ಇಮಿಗ್ರೇಷನ್ ಅಂದರೆ ಪರದೇಶದಲ್ಲಿ ಅಂತ ಅಮ್ಮ ತಿಳಿದಿದ್ದರು. ಮೊದಲ ಕೌಂಟರ್ ನಮ್ಮದೇ ದೇಶದ್ದು. ಹೋಗುವವರನ್ನೂ ಕೇಳಿಯೇ ಕಳಿಸುವುದು. ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಅಂತ ಗುರುತು ಬೀಳುತ್ತದೆ. ಅಂಥವರು ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಅನುಮತಿ ಬೇಕು. 1983ರ ಕಾಯ್ದೆ ಅದು, ಬಡವರನ್ನು ದಲ್ಲಾಳಿಗಳು ಮಾರಿಬಿಡದಿರಲಿ ಅಂತ ಬಂದದ್ದು. ಐವತ್ತು ದಾಟಿದವರಿಗೆ ಆ ಗುರುತಿನಿಂದ ವಿನಾಯಿತಿಯಿದೆ, ಅಮ್ಮನಿಗೆ 56. ಬೆಂಗಳೂರಿನ ಕೌಂಟರಿನಲ್ಲಿದ್ದವರು ‘ಎಲ್ಲಿಗಮ್ಮ ಹೊರಟ್ರಿ?’ ಅಂತ ಕನ್ನಡದಲ್ಲೇ ಕೇಳಿದರು. ಕೇಳಿದ್ದೇ ತಡ, ಅಕ್ಕನ ಮದುವೆಯಿಂದ ಶುರುವಾಗಿ ತುಪ್ಪದ ಬಾಟಲಿಯವರೆಗೆ ಎಲ್ಲ ಬಂತು. ಅವರು ನಗುತ್ತಲೇ ಸೀಲು ಒತ್ತಿದರು.

ಹತ್ತು ತಾಸಿನ ಮೇಲೆ ಜರ್ಮನಿಯಲ್ಲಿ ಇಳಿದಾಗ ಆ ಸಲೀಸು ಇರಲಿಲ್ಲ. ವೀಸಾ ಇದ್ದ ಮಾತ್ರಕ್ಕೆ ಒಳಗೆ ಬಿಡಲೇಬೇಕೆಂದಿಲ್ಲ ಅನ್ನುವುದು ಅಲ್ಲಿನ ನಿಯಮದಲ್ಲೇ ಇದೆ. ಯಾಕೆ ಬಂದಿರಿ, ಎಲ್ಲಿರುತ್ತೀರಿ, ಖರ್ಚಿಗೆ ಏನು, ಯಾವಾಗ ಹೋಗುತ್ತೀರಿ, ಈ ನಾಲ್ಕು ಪ್ರಶ್ನೆಗೆ ಉತ್ತರ ಒಪ್ಪಿಗೆಯಾದರೆ ಮಾತ್ರ ಬಾಗಿಲು ತೆರೆಯುತ್ತದೆ. ಪ್ರತಿಯೊಂದಕ್ಕೂ ಕಾಗದವಿತ್ತು, ಕೇಳಿದ ಕ್ರಮದಲ್ಲೇ ಕೊಟ್ಟೆ. ಕಾಗದಗಳನ್ನು ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಳ್ಳಿ ಅಂತ ಹೇಳುವುದು ಇದಕ್ಕೇ. ಸೂಟ್‌ಕೇಸು ಸಿಗುವುದು ಈ ಕೌಂಟರ್ ದಾಟಿದ ಮೇಲೆ.

ಆಮೇಲೆ ಬೆರಳಚ್ಚು. ವೀಸಾಕ್ಕೆ ಕೊಟ್ಟ ಅಚ್ಚಿಗೂ ಎದುರಿಗೆ ನಿಂತವರ ಬೆರಳಿಗೂ ತಾಳೆಯಾಗಬೇಕು. ಯಂತ್ರದ ಗಾಜಿನ ಮೇಲೆ ಅಮ್ಮ ನಾಲ್ಕು ಬೆರಳಿಟ್ಟರು, ಕೆಂಪು ದೀಪ. ಒರೆಸಿ ಇಟ್ಟರು, ಮತ್ತೆ ಕೆಂಪು. ವರ್ಷಗಟ್ಟಲೆ ಹಸಿ ಅಡಿಕೆಯ ಚೊಗರಿನಲ್ಲಿ, ಮೆಟ್ಟುಗತ್ತಿಯ ಎದುರು ಸವೆದ ಬೆರಳುಗಳವು. ರೇಷನ್ ಅಂಗಡಿಯ ಯಂತ್ರವೂ ಆ ಬೆರಳನ್ನು ಒಂದೇ ಸಲಕ್ಕೆ ಒಪ್ಪಿದ್ದಿಲ್ಲ. ವೀಸಾ ಕೇಂದ್ರದಲ್ಲಿ ಕಾಲು ಗಂಟೆ ಹಿಡಿದಿತ್ತು. ನಮ್ಮ ಹಿಂದಿನ ಸಾಲು ಪಕ್ಕದ ಕೌಂಟರಿಗೆ ಹರಿಯತೊಡಗಿತು. ಅಮ್ಮ ನನ್ನ ಕಡೆ ನೋಡಿ ಮೆಲ್ಲಗೆ ‘ಏನು ತಪ್ಪಾಯ್ತೇ ಪುಟ್ಟಿ?’ ಅಂದರು. ತನ್ನ ಬೆರಳು ತನ್ನದೇ ಅನ್ನುವುದನ್ನು ಸಾಬೀತು ಮಾಡಲಾಗದೆ ಒಬ್ಬ ಹೆಂಗಸು ನಿಂತಿರುವುದು ನೋಡುವುದಕ್ಕೆ ಕಷ್ಟ.

ಅಧಿಕಾರಿ ನನ್ನಷ್ಟೇ ವಯಸ್ಸಿನ ಹುಡುಗ. ಸಿಡುಕಲಿಲ್ಲ, ನಗಲೂ ಇಲ್ಲ. ಒದ್ದೆ ಬಟ್ಟೆ ಕೊಟ್ಟು ಒರೆಸಲು ಹೇಳಿದ, ತಾನೇ ಗಾಜು ಒರೆಸಿದ, ಬೆರಳನ್ನು ಒತ್ತಿ ಹಿಡಿಯುವುದು ಹೇಗೆಂದು ತನ್ನ ಕೈಯಲ್ಲಿ ತೋರಿಸಿದ. ಐದನೆಯದೋ ಆರನೆಯದೋ ಸಲಕ್ಕೆ ಹಸಿರು ಬಂತು. ಆಮೇಲೆ ವಾಪಸ್ ಟಿಕೆಟ್ ನೋಡಿ, ಪರದೆಯಲ್ಲಿ ಏನೋ ಲೆಕ್ಕ ಹಾಕಿ, ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದ: ಕೊನೆಯ ದಿನ ಜುಲೈ 31, ಆಗಸ್ಟ್ 1 ಅಲ್ಲ. ಆ ವಿಷಯದಲ್ಲಿ ಅವನೂ ನಾನೂ ಒಂದೇ ಪುಟದ ಲೆಕ್ಕದವರು. ಸೀಲು ಬಿತ್ತು.

ಮೇ 16 ಬಂತು, ಹೋಯಿತು. ಮಗು ಬರಲಿಲ್ಲ.

ದಿನ ದಾಟಿದ ಮೇಲೆ ಅಲ್ಲಿ ಎರಡು ದಿನಕ್ಕೊಮ್ಮೆ ಆಸ್ಪತ್ರೆಗೆ ಕರೆದು ಮಗುವಿನ ಎದೆಬಡಿತ ನೋಡುತ್ತಾರೆ. ಎಲ್ಲ ಸರಿಯಿದೆ, ಕಾಯೋಣ ಅಂದರು. ಅಮ್ಮನಿಗೆ ಕಾಯುವುದು ಗೊತ್ತು. ‘ಕೊನೆ ಹಣ್ಣಾಗದೆ ಇಳಿಸ್ತಾರಾ?’ ಅಂತ ಅಕ್ಕನ ಬೆನ್ನು ನೀವುತ್ತಾ ಕೂತಿದ್ದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. 18, 19, 20. ಇಪ್ಪತ್ತರ ಸಂಜೆ ನಮ್ಮ ಮ್ಯಾನೇಜರಿಗೆ ಫೋನ್ ಮಾಡಿದೆ. ಒಂದು ವಾರ ರಜೆ ಹೆಚ್ಚಿಗೆ ಸಿಕ್ಕಿತು. ವಿಮಾನದವರು ಇಷ್ಟು ದುಡ್ಡು ಕೊಟ್ಟರೆ ದಿನ ಬದಲಿಸುತ್ತೇವೆ ಅಂದರು. ಕಂಪನಿ ಬಗ್ಗಿತು, ಏರ್‌ಲೈನ್ ಬಗ್ಗಿತು. ಸ್ಟಿಕ್ಕರಿನ ಮೇಲಿನ 22 ಬಗ್ಗಲಿಲ್ಲ.

‘ಜೂನ್ 8ರ ತನಕ ಅಂತ ಇದೆಯಲ್ಲೇ’ ಅಂತ ಅಕ್ಕ ಪಾಸ್‌ಪೋರ್ಟ್ ಹಿಡಿದು ಕೇಳಿದಳು. ಅವಳಿಗೂ ಗೊತ್ತು. ಆ ಹೊತ್ತಿನಲ್ಲಿ ಗೊತ್ತಿದ್ದದ್ದನ್ನು ಒಪ್ಪಲು ಮನಸ್ಸಿರಲಿಲ್ಲ.

ಅಲ್ಲಿ ಇದ್ದುಕೊಂಡೇ ಅವಧಿ ವಿಸ್ತರಿಸುವ ದಾರಿ ಇಲ್ಲದಿಲ್ಲ. ಪ್ರಕೃತಿ ವಿಕೋಪದಂಥ ಕೈಮೀರಿದ ಕಾರಣ ಅಥವಾ ಮಾನವೀಯ ಕಾರಣವಾದರೆ ಶುಲ್ಕವಿಲ್ಲದೆ, ಗಂಭೀರ ವೈಯಕ್ತಿಕ ಕಾರಣವಾದರೆ 30 ಯೂರೊ ಶುಲ್ಕಕ್ಕೆ ವಿಸ್ತರಿಸಬಹುದು ಅಂತ ಷೆಂಗೆನ್ ವೀಸಾ ಸಂಹಿತೆ ಹೇಳುತ್ತದೆ. ಭಾವ ಊರಿನ ಕಚೇರಿಗೆ ಬರೆದರು. ಮರುದಿನವೇ ಉತ್ತರ ಬಂತು, ಅದನ್ನು ಮೆಚ್ಚಬೇಕು. ಹೆರಿಗೆ ತಡವಾಗಿರುವುದು, ಅದರಲ್ಲೂ ತಾಯಿಯ ಜೊತೆಗೆ ಅವರ ಅಮ್ಮ ಇರುವಾಗ ತಂಗಿಯೂ ಇರಬೇಕೆನ್ನುವುದು, ಗಂಭೀರ ಕಾರಣವೆಂದು ಪರಿಗಣಿಸಲಾಗದು. ಮೂರು ಸಾಲಿನ ಪತ್ರ, ಕೊನೆಗೆ ಶುಭ ಹಾರೈಕೆ. ಸುಳ್ಳಲ್ಲ ಅದು. ಅವರ ಜಾಗದಲ್ಲಿ ಕೂತು ಓದಿದರೆ ನನಗೂ ಹಾಗೇ ಕಂಡೀತು. ಅಕ್ಕ ಮಾತ್ರ ಆ ದಿನ ಊಟಕ್ಕೆ ಏಳಲಿಲ್ಲ.

ಅಲ್ಲಿನ ಪರಿಚಯದವರೊಬ್ಬರು ಮನೆಗೆ ಬಂದಾಗ ಸಲೀಸಾಗಿ ಹೇಳಿದರು, ‘ಮೂರ್ನಾಲ್ಕು ದಿನ ತಾನೇ, ಯಾರು ಎಣಿಸ್ತಾರೆ? ಇದ್ದು ಹೋಗಿ.’ ಎಣಿಸುತ್ತಾರೆ. ಬಂದ ಸೀಲೂ ಹೋಗುವ ಸೀಲೂ ಒಂದೇ ಪುಟದಲ್ಲಿರುತ್ತವೆ. ಹೆಚ್ಚಿಗೆ ಇದ್ದದ್ದು ಕಂಡರೆ ದಂಡ ಬೀಳಬಹುದು, ಮತ್ತೆ ಬರದಂತೆ ತಡೆಯಬಹುದು, ಮುಂದೆ ಯಾವ ದೇಶದ ಅರ್ಜಿಗೂ ಇದು ಅಡ್ಡ ಬರಬಹುದು. ನನ್ನ ಜವಾಬ್ದಾರಿ ಪತ್ರಕ್ಕೆ ಸಹಿ ಹಾಕಿದವರು ಭಾವ. ಅದಕ್ಕಿಂತ ಹೆಚ್ಚಾಗಿ ನನಗೆ ಕಂಡದ್ದು ಬೇರೆ. ವಾಪಸ್ ಬರುತ್ತಾರೋ ಇಲ್ಲವೋ ಅಂತ ಅನುಮಾನಪಟ್ಟು ಟಿಕ್ ಹಾಕುವವರಿಗೆ ಇನ್ನೊಂದು ಕಾರಣ ಒದಗಿಸಿದ ಹಾಗಾಗುತ್ತದೆ. ಅದರ ಬೆಲೆ ಕಟ್ಟುವವರು ಇನ್ಯಾರದೋ ಅಮ್ಮ.

ಮೇ 24ರ ಮಧ್ಯಾಹ್ನ ನಾನು ಹೊರಟೆ. ಅಕ್ಕ ಬಾಗಿಲಿನ ತನಕ ಬಂದು, ಹೊಟ್ಟೆಯ ಮೇಲೆ ನನ್ನ ಕೈ ಇಟ್ಟುಕೊಂಡು ‘ಚಿಕ್ಕಮ್ಮನಿಗೆ ಟಾಟಾ ಮಾಡು’ ಅಂದಳು. ಒಳಗಿನಿಂದ ಒಂದು ಒದೆ ಬಂತು. ನಿಲ್ದಾಣದ ಕೌಂಟರಿನಲ್ಲಿ ಸೀಲು ಒತ್ತಿದ ಹೆಂಗಸು ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ನಿಯಮ ಪಾಲಿಸಿದವರನ್ನು ಯಾರೂ ಏನೂ ಕೇಳುವುದಿಲ್ಲ.

27ರಂದು ಮಗು ಹುಟ್ಟಿತು. ಗಂಡು. ಬೆಳ್ಳಂದೂರಿನ ಟ್ರಾಫಿಕ್ಕಿನಲ್ಲಿ ಕಂಪನಿಯ ಬಸ್ಸಿನೊಳಗೆ ನಿಂತುಕೊಂಡು ಮೊದಲ ಸಲ ಅವನ ಮುಖ ನೋಡಿದೆ.

ಅಮ್ಮನ ಲೆಕ್ಕವೂ ಬುಡಮೇಲಾಯಿತು. 77 ದಿನ ಅಂದುಕೊಂಡದ್ದು 66ಕ್ಕೆ ಇಳಿಯಿತು. ಅಷ್ಟರೊಳಗೆ ಮಾಡಬೇಕಾದ್ದನ್ನೆಲ್ಲ ಮಾಡಿದರು. ಬೆಣ್ಣೆ ಕಾಯಿಸಿ ತುಪ್ಪ ಮಾಡಿದರು. ಒಂದು ದಿನ ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ ಹಾಕಲು ಹೋಗಿ ಸೂರಿನ ಹೊಗೆಗಂಟೆ ಕಿರುಚಿ, ಮೇಲಿನ ಮನೆಯವರು ಓಡಿ ಬಂದರು. ಹೆರಿಗೆಯಾದ ಮೇಲೆ ಸೂಲಗಿತ್ತಿ ಮನೆಗೇ ಬಂದು ತಾಯಿ ಮಗುವನ್ನು ನೋಡುವುದು ಅಲ್ಲಿನ ಆರೋಗ್ಯ ವಿಮೆಯಲ್ಲಿ ಸೇರಿದೆ, ಹನ್ನೆರಡು ವಾರದವರೆಗೂ ಬರುತ್ತಾರೆ. ಅವರನ್ನು ಹೆಬಾಮೆ ಅನ್ನುತ್ತಾರೆ. ಅಮ್ಮ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುವುದನ್ನು ಆ ಹೆಬಾಮೆ ಅರ್ಧ ಗಂಟೆ ಸುಮ್ಮನೆ ಕೂತು ನೋಡಿದರಂತೆ. ಅಮ್ಮ ಹೊರಟ ಮೇಲೂ ಅವರು ಮೂರು ವಾರ ಬರುತ್ತಿದ್ದರು. ಅವರಿಗೆ ವೀಸಾ ಬೇಕಿಲ್ಲವಲ್ಲ.

ನಮ್ಮ ಚಿಕ್ಕಮ್ಮ ಅಮೆರಿಕಕ್ಕೆ ಮಗಳ ಬಾಣಂತನಕ್ಕೆ ಹೋದಾಗ ಆರು ತಿಂಗಳು ಇದ್ದು ಬಂದಿದ್ದರು. ಅಲ್ಲಿನ ಪ್ರವಾಸಿ ವೀಸಾ ನಮ್ಮವರಿಗೆ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಸಿಗುತ್ತದೆ. ಆದರೆ ಪ್ರತಿ ಸಲ ಎಷ್ಟು ದಿನ ಇರಬಹುದು ಅನ್ನುವುದು ವೀಸಾದಲ್ಲಿ ಇರುವುದಿಲ್ಲ. ಇಳಿದ ಕೌಂಟರಿನಲ್ಲಿ ಅಧಿಕಾರಿ ಹಾಕುವ ತಾರೀಕೇ ಅಂತಿಮ. ಹೆಚ್ಚಿನವರಿಗೆ ಆರು ತಿಂಗಳು ಹಾಕುತ್ತಾರೆ. ಬ್ರಿಟನ್ನಿನ ಸಂದರ್ಶಕ ವೀಸಾವೂ ಒಂದು ಸಲಕ್ಕೆ ಆರು ತಿಂಗಳು. ಕೆನಡಾದಲ್ಲಿ ಅಲ್ಲಿ ನೆಲೆಸಿದವರ ಅಪ್ಪ ಅಮ್ಮ, ಅಜ್ಜ ಅಜ್ಜಿಗೆ ಅಂತಲೇ ಸೂಪರ್ ವೀಸಾ ಇದೆ, ಒಮ್ಮೆ ಹೋದರೆ ಐದು ವರ್ಷದವರೆಗೂ ಇರಬಹುದು. ಮಗಳು ಯಾವ ದೇಶದಲ್ಲಿ ಕೆಲಸ ಹಿಡಿದಳು ಅನ್ನುವುದರ ಮೇಲೆ ಮೊಮ್ಮಗು ಅಜ್ಜಿಯ ತೊಡೆಯ ಮೇಲೆ ಎಷ್ಟು ದಿನ ಮಲಗಬೇಕು ಅನ್ನುವುದು ತೀರ್ಮಾನವಾಗುತ್ತದೆ. ಹೊರಗೆ ಓದಲು, ಕೆಲಸಕ್ಕೆ ಹೊರಡುವ ನನ್ನ ಗೆಳತಿಯರು ಸಂಬಳ, ಚಳಿ, ಭಾಷೆ ಎಲ್ಲ ವಿಚಾರಿಸುತ್ತಾರೆ. ಇದನ್ನು ವಿಚಾರಿಸಿದವರನ್ನು ನಾನು ಕಂಡಿಲ್ಲ.

ಈಗ ಎಣಿಕೆ ಇನ್ನೂ ಬಿಗಿಯಾಗಿದೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಸೀಲಿನ ಬದಲು ಕಂಪ್ಯೂಟರಿನಲ್ಲೇ ಬಂದ ದಿನ, ಹೋದ ದಿನ ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಶುರುವಾಯಿತು. ಮಸುಕಾದ ಸೀಲು ಅನ್ನುವ ನೆಪ ಇನ್ನಿಲ್ಲ. ಒಂದು ದಿನ ಹೆಚ್ಚಾದರೂ ಯಂತ್ರವೇ ತೋರಿಸಿಬಿಡುತ್ತದೆ. ಯುರೋಪಿಯನ್ ಒಕ್ಕೂಟದ ವೆಬ್‌ಸೈಟಿನಲ್ಲಿ ದಿನ ಎಣಿಸುವ ಕ್ಯಾಲ್ಕುಲೇಟರ್ ಇದೆ. ಹೋಗುವವರು ಟಿಕೆಟ್ ತೆಗೆಯುವ ಮೊದಲು ಅದರಲ್ಲಿ ತಾರೀಕು ಹಾಕಿ ನೋಡಿ. ಏಜೆಂಟರ ಮಾತಿಗಿಂತ ಅದು ನಂಬಿಕಸ್ಥ.

ಅಮ್ಮ ಒಬ್ಬರೇ ವಾಪಸ್ ಬರುವುದಕ್ಕೆ ನಾನು ಒಂದು ಹಾಳೆ ಮಾಡಿಟ್ಟು ಬಂದಿದ್ದೆ. ಮಗಳ ಹೆರಿಗೆಗೆ ಬಂದಿದ್ದೆ, ಇಂಥ ದಿನ ಬಂದೆ, ಇಂಥ ದಿನ ಹೋಗುತ್ತಿದ್ದೇನೆ, ನನಗೆ ಕನ್ನಡ ಮಾತ್ರ ಬರುತ್ತದೆ, ಏನಾದರೂ ಕೇಳಬೇಕಿದ್ದರೆ ಈ ನಂಬರಿಗೆ ಫೋನ್ ಮಾಡಿ ಅಂತ ಜರ್ಮನ್, ಇಂಗ್ಲಿಷ್, ಕನ್ನಡ ಮೂರರಲ್ಲೂ. ಕನ್ನಡ ಅಮ್ಮನಿಗಾಗಿ, ಯಾವ ಸಾಲಿನಲ್ಲಿ ಏನಿದೆ ಅಂತ ತಿಳಿಯಲಿ ಅಂತ. ಭಾಷೆ ಬರದ ಹಿರಿಯರನ್ನು ಕಳಿಸುವವರು ಇದೊಂದನ್ನು ಮಾಡಿ ಕೊಡಿ, ಖರ್ಚಿಲ್ಲ. ಜುಲೈ 31ರಂದು ಕೌಂಟರಿನಲ್ಲಿ ಅಮ್ಮ ಪಾಸ್‌ಪೋರ್ಟಿನ ಜೊತೆ ಆ ಹಾಳೆ ಚಾಚಿದರು. ‘ಓದಿ, ನನ್ನ ಮುಖ ನೋಡಿ, ಓಮಾ? ಅಂತ ಕೇಳಿದ. ಅದೊಂದು ಶಬ್ದ ನನಗೆ ಬರ್ತಿತ್ತು. ಅಜ್ಜಿ ಅಂತ. ಹೌದಪ್ಪ ಅಂದೆ’ ಅಂತ ಆಮೇಲೆ ಊರಿಗೆಲ್ಲ ಹೇಳಿದರು. 90ನೇ ದಿನದ ಸೀಲು ಬಿತ್ತು.

ಅಕ್ಕನ ಮಗನಿಗೂ ಬಿಡುಗಡೆಯಿಲ್ಲ. ಅಪ್ಪ ಅಮ್ಮ ಇಬ್ಬರೂ ಭಾರತೀಯರು, ಅಲ್ಲಿ ಇನ್ನೂ ನಾಲ್ಕು ವರ್ಷವಾಗಿದೆ, ಹಾಗಾಗಿ ಅವನೂ ಭಾರತೀಯ. ಹುಟ್ಟಿದ ಊರಿನಲ್ಲಿ ಇರಲು ಅವನಿಗೂ ವಾಸದ ಪರವಾನಗಿ ಬೇಕು, ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಕಣ್ಣು ಬಿಟ್ಟು, ಬಾಯಿ ಮುಚ್ಚಿ, ಕ್ಯಾಮೆರಾ ನೋಡುತ್ತಿರುವ ಪಾಸ್‌ಪೋರ್ಟ್ ಫೋಟೊಗಾಗಿ ಭಾವ ಎರಡು ತಿಂಗಳ ಮಗುವಿನ ಎದುರು ಒಂದು ಭಾನುವಾರವಿಡೀ ಗಿಲಕಿ ಅಲ್ಲಾಡಿಸಿದರು. ನನ್ನ ಅರ್ಜಿಗೆ ಶುಭ ಹಾರೈಸಿ ಇಲ್ಲವೆಂದ ಅದೇ ಕಚೇರಿ ಅವನಿಗೆ ಕಾರ್ಡು ಕೊಟ್ಟಿತು.

ಅಮ್ಮ ಊರಿಗೆ ಬಂದ ವಾರದಲ್ಲೇ ಮತ್ತೆ ಯಾವಾಗ ಹೋಗಬಹುದು ಅಂತ ಕೇಳಿದರು. ಮೇ 3ರಿಂದ ಸತತವಾಗಿ 90 ದಿನ ಮುಗಿಸಿದವರಿಗೆ ಹಿಂದಿನ 180 ದಿನಗಳ ಕಿಟಕಿ ಸರಿದು ಮತ್ತೆ ಜಾಗವಾಗುವುದು ಅಕ್ಟೋಬರ್ 30ಕ್ಕೆ. ಹೊಸ ವೀಸಾ ಬೇಕು, ಅದೇ ಪಹಣಿ, ಅದೇ ಪಾಸ್‌ಬುಕ್. ಮೂರು ವರ್ಷದೊಳಗೆ ಎರಡು ವೀಸಾ ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ, ಹಲವು ಸಲ ಹೋಗಿ ಬರುವ ವೀಸಾ ಕೊಡಬಹುದು ಅಂತ 2024ರ ಏಪ್ರಿಲ್‌ನಲ್ಲಿ ನಿಯಮ ಬಂದಿದೆ. ಆಗಲೂ 180ಕ್ಕೆ 90ರ ಲೆಕ್ಕ ಹಾಗೇ ಇರುತ್ತದೆ, ಅಂತ ಎಲ್ಲವನ್ನೂ ಬಿಡಿಸಿ ಹೇಳಿ ಅಕ್ಟೋಬರ್ 30ಕ್ಕೆ ಗುರುತು ಹಾಕಲು ಪೆನ್ನು ತೆಗೆದೆ.

‘ಅಕ್ಟೋಬರ್ ಕೊನೆಗಾ? ಕೊನೆ ಕೊಯ್ಲು ಶುರುವಾಗೋ ಹೊತ್ತು’ ಅಂದರು ಅಮ್ಮ. ‘ಸುಲಿಯೋದು ಬಿಟ್ಟು ಯಾರು ಹೋಗ್ತಾರೆ? ಶಿವರಾತ್ರಿ ಆದ ಮೇಲೆ ಎಣಿಸು.’